ಉಗುರ ಸಂದಿಯ ಪಾಚಿ

ಎರಡನೇ ಚೊಂಬು ನೀರು ಹೆಣದ ತಲೆಯ ಮೇಲೆ ಬೀಳುತ್ತಿದ್ದಂತೆ ವಿರೂಪಮ್ಮ ಮಂಜಮ್ಮನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು.

“ನಿಲ್ಲವ್ವಾ. ನೀರು ಹಾಕಬ್ಯಾಡ.”

ಸುತ್ತ ನಾಲ್ವರು ಹೆಂಗಸರು ಹಳೆಯ ಸೀರೆ ಮರೆ ಹಿಡಿದು ನಿಂತಿದ್ದರು. ಒಳಗೆ ಹಲಗೆಯ ಮೇಲೆ ವಿರೂಪಮ್ಮನ ತಂಗಿ ಸುಧಾರಾಣಿ ಮಲಗಿದ್ದಳು. ನಲವತ್ತೊಂದು ವರ್ಷ. ಬಳ್ಳಾರಿಯ ಗಾಂಧಿನಗರದ ಹಲ್ಲಿನ ದವಾಖಾನೆಯಲ್ಲಿ ಕಸ ಹೊಡೆದು ನೆಲ ಒರೆಸುವ ಕೆಲಸ. ನಿನ್ನೆ ಭಾನುವಾರ ಮಧ್ಯಾಹ್ನ ಬಚ್ಚಲಲ್ಲಿ ಜಾರಿ ಬಿದ್ದು ಸತ್ತಳೆಂದು ಗಂಡ ಓಬಳೇಶ ಓಣಿಗೆಲ್ಲ ಹೇಳಿದ್ದ. ಹೆಣವನ್ನು ತನ್ನೂರು ಕುರುಗೋಡಿಗೆ ಒಯ್ಯಲು ಗಾಡಿಯನ್ನೂ ತರಿಸಿದ್ದ. ಆದರೆ ತವರಿನ ಸೀರೆ ಉಡಿಸದೆ ಮುತ್ತೈದೆಯ ಹೆಣ ಎತ್ತುವಂತಿಲ್ಲ. ಅದೊಂದು ಕಟ್ಟಳೆ ಇರದಿದ್ದರೆ ಇಷ್ಟು ಹೊತ್ತಿಗೆ ಅವಳನ್ನು ಮಣ್ಣು ಮಾಡಿ, ಬಂದವರೆಲ್ಲ ಕೈಕಾಲು ತೊಳೆದುಕೊಳ್ಳುತ್ತಿದ್ದರು.

ಸಿರುಗುಪ್ಪಕ್ಕೆ ಸುದ್ದಿ ಮುಟ್ಟಿದ್ದು ತಡವಾಗಿ. ಪಂಚಮಿಗೆ ತಂಗಿಗೆ ಕೊಡಲೆಂದು ತಂದಿಟ್ಟ ಹಸಿರು ಸೀರೆಯನ್ನು ಅಂಗಡಿಯ ಕವರಿನ ಸಮೇತ ಎದೆಗವಚಿಕೊಂಡು ವಿರೂಪಮ್ಮ ಮೊದಲ ಬಸ್ಸಿಗೆ ಬಂದಿದ್ದಳು.

ಹೆಣದ ತಲೆಯ ಹಿಂಬದಿ ಒಡೆದಿತ್ತು. ತೋಳಿನ ಮೇಲೆ ನಾಲ್ಕು ಬೆರಳು ಕಪ್ಪಗೆ ಮೂಡಿದ್ದವು.

“ಬಿದ್ದಾಗ ಏನೇನೋ ಹತ್ತತೈತಿ, ಯವ್ವಾ,” ಎಂದಳು ಮಂಜಮ್ಮ, ನೆಲ ನೋಡುತ್ತ. ಅವಳದು ಪಕ್ಕದ ಮನೆ. ನಡುವೆ ಇದ್ದದ್ದು ಒಂದೇ ಗೋಡೆ, ಅದೂ ತೆಳ್ಳನೆಯದು.

ಆದರೆ ವಿರೂಪಮ್ಮ ನೋಡುತ್ತಿದ್ದದ್ದು ಗಾಯವನ್ನಲ್ಲ, ಉಗುರುಗಳನ್ನು. ಎರಡೂ ಕೈಯ ಉಗುರ ಸಂದಿಯಲ್ಲಿ ಎಳೆ ಎಳೆಯಾಗಿ ಹಸಿರು ಪಾಚಿ ಸಿಕ್ಕಿಕೊಂಡಿತ್ತು.

*

ಮೂರು ವರ್ಷದ ಹಿಂದೆ ಸುಧಾರಾಣಿ ಆ ದವಾಖಾನೆಗೆ ಮೊದಲ ಸಲ ಹೋದದ್ದು ಮುಂದಿನ ಹಲ್ಲು ಮುರಿದುಕೊಂಡು. ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಓಬಳೇಶ ಅವಳ ಮುಖವನ್ನು ಒಲೆಕಟ್ಟೆಗೆ ಜಜ್ಜಿದ್ದ. ಡಾಕ್ಟರ್ ಜಯಶ್ರೀ ಕೇಳಿದಾಗ, “ಬಚ್ಚಲದಾಗ ಜಾರಿ ಬಿದ್ದೆ ರೀ ಮೇಡಂ,” ಎಂದಳು. ಹಲ್ಲು ಹೇಗೆ ಮುರಿಯುತ್ತದೆಂದು ಡಾಕ್ಟರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಹೆಚ್ಚು ಕೇಳದೆ ಹಲ್ಲು ಕಟ್ಟಿದರು, ಕೆಲಸಕ್ಕೂ ಇಟ್ಟುಕೊಂಡರು.

ಮಕ್ಕಳು ಸೂಜಿಯ ಹೆದರಿಕೆ ಮರೆಯಲೆಂದು ಅಲ್ಲಿ ಒಂದು ದೊಡ್ಡ ಗಾಜಿನ ತೊಟ್ಟಿ ಇತ್ತು. ಸಮುದ್ರದ ಉಪ್ಪು ಬೆರೆಸಿದ ನೀರು, ಕಿತ್ತಳೆ ಬಣ್ಣದ ಮೀನು, ಕಲ್ಲಿನ ಮೇಲೆ ಹೂವಿನ ಹಾಗೆ ಬಿಚ್ಚಿ ಮುಚ್ಚುವ ಹವಳ. ತೊಟ್ಟಿಯ ನೀರು ಕಡಿಮೆಯಾದಾಗಲೆಲ್ಲ ಯಾರೋ ನಲ್ಲಿ ನೀರು ಸುರಿದರು, ಬಂದವರೆಲ್ಲ ಮೀನಿಗೆ ತಿನಿಸು ಉದುರಿಸಿದರು. ಕಲ್ಲುಗಳ ಮೇಲೆ ಬೆರಳುದ್ದ ಹಸಿರು ಕೂದಲಿನಂಥ ಪಾಚಿ ಬೆಳೆದು ಹವಳದ ಉಸಿರು ಕಟ್ಟಿಸತೊಡಗಿತು. ಮೀನಿನ ಅಂಗಡಿಯವನು ಕೊಟ್ಟ ಔಷಧಿಗೆ ಪಾಚಿ ಸಾಯಲಿಲ್ಲ, ಬಸವನಹುಳುಗಳು ಸತ್ತವು. ಎಲ್ಲ ತೆಗೆದು ಚೆಲ್ಲಿಬಿಡು ಎಂದರು ಡಾಕ್ಟರ್.

“ಬ್ಯಾಡ್ರಿ ಮೇಡಂ. ಒಳಗ ಜೀವ ಅದಾವು. ನಾ ಕೀಳ್ತೀನಿ.”

ತಿನಿಸು ಕಡಿಮೆ ಮಾಡಿದಳು. ಫಿಲ್ಟರ್ ನೀರಿಗಷ್ಟೇ ಉಪ್ಪು ಬೆರೆಸಿದಳು. ಪಾಚಿ ವಿಪರೀತವಾದಾಗ ದೀಪ ಆರಿಸಿ ಮೂರು ದಿನ ತೊಟ್ಟಿಗೆ ಕರಿ ಕಂಬಳಿ ಹೊದಿಸುತ್ತಿದ್ದಳು. ಕತ್ತಲಲ್ಲಿ ಅದು ಸೊರಗುತ್ತಿತ್ತು. ಆಮೇಲೆ ಭಾನುವಾರ, ದವಾಖಾನೆಗೆ ರಜೆ ಇರುವಾಗ, ಉಗುರಿನಿಂದ ಬೇರುಸಹಿತ ಕಿತ್ತು, ಹಲ್ಲುಜ್ಜುವ ಬ್ರಷ್ಷಿನಿಂದ ಕಲ್ಲು ತಿಕ್ಕಿ, ಚೂರುಗಳನ್ನೆಲ್ಲ ಪೈಪಿನಿಂದ ಹೊರಕ್ಕೆಳೆಯುತ್ತಿದ್ದಳು. ಒಂದು ಚೂರು ಉಳಿದರೂ ಮತ್ತೆ ಹಬ್ಬುವ ಜಾತಿ ಅದು. ಡಾಕ್ಟರ್ ಗ್ಲೌಸ್ ಕೊಟ್ಟರೆ, ಬೇರು ಬೆರಳಿಗೆ ಸಿಗುವುದಿಲ್ಲ ಎಂದು ಬದಿಗಿಡುತ್ತಿದ್ದಳು.

ಕುಡತಿನಿಯ ವಿದ್ಯುತ್ ಸ್ಥಾವರದ ಬೂದಿ ಸಾಗಿಸುವ ಲಾರಿ ಓಡಿಸುವ ಓಬಳೇಶನಿಗೆ ಇದರಲ್ಲಿ ಕಂಡದ್ದೇ ಬೇರೆ. ಬಾಗಿಲು ಹಾಕಿದ ದವಾಖಾನೆಗೆ ಭಾನುವಾರ ಯಾವನನ್ನು ನೋಡಲು ಹೋಗುತ್ತಾಳೆ? ಬೆಲ್ಟಿನಲ್ಲಿ ಹೊಡೆದ. ದವಾಖಾನೆಯ ಕೀಲಿ ಕಿತ್ತುಕೊಂಡು ಬೆರಳನ್ನು ಬಾಗಿಲ ಸಂದಿಗೆ ಸಿಕ್ಕಿಸಿದ. ಬೆರಳಿಗೆ ಬಟ್ಟೆ ಸುತ್ತಿಕೊಂಡು, ಡಾಕ್ಟರಿಂದ ಬೇರೆ ಕೀಲಿ ಇಸಿದುಕೊಂಡು ಮರುವಾರ ಮತ್ತೆ ಹೋದಳು. ಹಾಗೆ ಜಜ್ಜಿಸಿಕೊಂಡು ತವರಿಗೆ ಬಂದಾಗಲೆಲ್ಲ ಬೆನ್ನಿಗೆ ಎಣ್ಣೆ ತಿಕ್ಕಿ, “ತಾಳಿಕೊಳ್ಳವ್ವಾ, ಮಗಳದಾಳ,” ಎಂದು ಬಳ್ಳಾರಿಯ ಬಸ್ಸು ಹತ್ತಿಸಿದವಳು ಇದೇ ವಿರೂಪಮ್ಮ.

ಶನಿವಾರವೂ ತಂಗಿಯ ಫೋನು ಬಂದಿತ್ತು.

“ಯಕ್ಕಾ, ಗುರುವಾರ ಕಂಬಳಿ ಹೊದಿಸೀನಿ. ನಾಳೆ ಮುಂಜಾನಿ ಹೋಗಿ ಕೀಳೋದೈತಿ. ಹ್ವಾದ್ರ ಕೊಂದು ಹಾಕ್ತೀನಿ ಅಂತಾನ ಇಂವ.”

“ದಿನಾ ಅನ್ನೋ ಮಾತಲ್ಲೇನು ಅದು,” ಎಂದು ವಿರೂಪಮ್ಮ ನಕ್ಕಿದ್ದಳು. ಆ ನಗು ನೆನೆದರೆ ಈಗ ತನ್ನ ಕಪಾಳಕ್ಕೆ ತಾನೇ ಬಾರಿಸಿಕೊಳ್ಳಬೇಕೆನ್ನಿಸಿತು.

*

ವಿರೂಪಮ್ಮ ಮರೆಯಿಂದ ಹೊರಬಂದಳು. ಓಬಳೇಶ ಕಟ್ಟೆಯ ಮೇಲೆ ಅಣ್ಣ ಮಾರೆಣ್ಣನ ಪಕ್ಕ ಕುಳಿತು ಟವೆಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ. ಟವೆಲು ಒಣಗಿಯೇ ಇತ್ತು.

“ಓಬಳೇಶ, ನಿನ್ನೆ ನನ್ನ ತಂಗಿ ಹೊರಗ ಹೋಗಿದ್ಲೇನು?”

“ಇಲ್ಲಕ್ಕಾ. ಹೊಸ್ತಿಲಾ ದಾಟಿಲ್ಲ. ಮೈಯಾಗ ಆರಾಮಿಲ್ಲ ಅಂತ ಮಲಗಿದ್ಲು. ಬಚ್ಚಲಕ್ಕ ಹ್ವಾದಾಕಿ ಜಾರಿ ಬಿದ್ಲು.”

“ಹೊಸ್ತಿಲಾ ದಾಟಿಲ್ಲಾಂದ್ರ ಅಕಿ ಉಗುರಾಗ ಪಾಚಿ ಎಲ್ಲಿಂದ ಬಂತು?”

ಹಾರ ಹಿಡಿದು ಆಗಷ್ಟೇ ಬಂದಿದ್ದ ಡಾಕ್ಟರ್ ಜಯಶ್ರೀ ಅಲ್ಲೇ ನಿಂತರು.

“ಅವಳು ನಿನ್ನೆ ದವಾಖಾನೆಗೆ ಬಂದಿದ್ದಾಳಮ್ಮ. ಇವತ್ತು ಬೆಳಿಗ್ಗೆ ನಾನೇ ಬಾಗಿಲು ತೆಗೆದು ನೋಡಿದೆ. ಕಂಬಳಿ ಮಡಿಚಿಟ್ಟಿದ್ದಾಳೆ. ಕಲ್ಲೆಲ್ಲ ಸ್ವಚ್ಛ.” ಓಬಳೇಶನ ಕಡೆ ತಿರುಗಿದರು. “ಬಚ್ಚಲಲ್ಲಿ ಜಾರಿದ್ಲಾ? ಮೂರು ವರ್ಷದ ಹಿಂದೆಯೂ ಇದೇ ಮಾತು ಕೇಳಿದ್ದೆ. ಕೇಳಿ ಸುಮ್ಮನಿದ್ದೆ.”

ಬೀದಿಯಲ್ಲಿ ಗಾಡಿಯ ಇಂಜಿನ್ ಗುರ್ರೆನ್ನುತ್ತಲೇ ಇತ್ತು.

ಮಾರೆಣ್ಣ ಎದ್ದು ವಿರೂಪಮ್ಮನ ಹತ್ತಿರ ಬಂದು ದನಿ ತಗ್ಗಿಸಿದ. “ಸತ್ತಾಕಿ ಎದ್ದು ಬರಂಗಿಲ್ಲ ತಂಗೀ. ಪೊಲೀಸ್ರು ಬಂದ್ರ ಹೆಣ ಕೊಯ್ತಾರ. ಇವ ಜೈಲಿಗೆ ಹ್ವಾದ್ರ ಹೇಮಾನ್ನ ಯಾರು ನೋಡ್ತಾರ? ಅದರ ಮಾರಿ ನೋಡು.”

ಹದಿನೇಳರ ಹೇಮಾ ಹೊಸ್ತಿಲಲ್ಲಿ ಕುಳಿತಿದ್ದಳು. ತಾಯಿ ಸತ್ತಾಗಿನಿಂದ ಅವಳ ಬಾಯಿಂದ ಒಂದು ಮಾತು ಹೊರಟಿರಲಿಲ್ಲ. ವಿರೂಪಮ್ಮ ಅವಳ ಮುಖ ನೋಡಿದಳು. ಅವ್ವ ಮಣ್ಣಿಗೆ, ಅಪ್ಪ ಜೈಲಿಗೆ, ಈ ಕೂಸು ಎಲ್ಲಿಗೆ? ತಾಳಿಕೊಳ್ಳವ್ವಾ ಎನ್ನುವ ಅದೇ ಹಳೆಯ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಓಬಳೇಶ ಒಂದೇ ಜಿಗಿತಕ್ಕೆ ಮರೆಯ ಸೀರೆ ಹರಿದು ಒಳನುಗ್ಗಿದ.

“ಹೊತ್ತಾತು! ನನ್ನ ಹೆಂಡ್ತೀನ್ನ ನಾನಾ ತೊಳಿತೀನಿ!”

ಹೆಣದ ಎಡಗೈ ಹಿಡಿದೆಳೆದು ಬಕೆಟ್ಟಿನಲ್ಲಿ ಅದ್ದಿ, ಕಲ್ಲಿನಿಂದ ಉಗುರು ತಿಕ್ಕತೊಡಗಿದ. ಎಳೆದ ರಭಸಕ್ಕೆ ಹೆಣ ಹಲಗೆಯಿಂದ ಜಾರಿ, ತಲೆ ದಡ್ಡೆಂದು ನೆಲಕ್ಕೆ ಬಡಿಯಿತು.

ಆ ಸದ್ದು ವಿರೂಪಮ್ಮನ ಎದೆಯೊಳಗೇ ಬಿತ್ತು. ಹಿತ್ತಾಳೆ ಚೊಂಬು ಅವಳ ಕೈಗೆ ಯಾವಾಗ ಬಂತೋ ಅವಳಿಗೇ ತಿಳಿಯದು. ಮೊದಲ ಏಟಿಗೆ ಓಬಳೇಶನ ಹುಬ್ಬು ಸೀಳಿತು. ಎರಡನೆಯದಕ್ಕೆ ಮೂಗಿನಿಂದ ರಕ್ತ ಬಕೆಟ್ಟಿನೊಳಗೆ ಬಿತ್ತು. ಮೂರನೆಯದಕ್ಕೆ ಕೈ ಎತ್ತಿದಾಗ ಮಾರೆಣ್ಣ ಹಿಂದಿನಿಂದ ಅವಳ ಜುಟ್ಟು ಹಿಡಿದು ಎಳೆದು ಕೆಡವಿದ. ಬಿದ್ದಲ್ಲಿಂದಲೇ ಅವಳು ತಂಗಿಯ ಬಲಗೈಯನ್ನು ಎದೆಗೆ ಒತ್ತಿ ಹಿಡಿದಳು. ಮಾರೆಣ್ಣ ಅವಳ ಬೆನ್ನಿಗೆ ಒದ್ದ. ಇನ್ನೊಮ್ಮೆ ಒದ್ದ. ಅವಳು ಬಿಡಲಿಲ್ಲ.

“ಮೇಡಂ, ಪೊಲೀಸ್ರಿಗೆ ಫೋನ್ ಮಾಡ್ರಿ! ಈ ಕೈ ತೊಳಿಯಾಕ ನಾ ಬಿಡಂಗಿಲ್ಲ!”

ಜಯಶ್ರೀ ಫೋನು ಕಿವಿಗಿಟ್ಟುಕೊಂಡೇ ಇದ್ದರು. ಮಂಜಮ್ಮ ಕೊನೆಗೂ ಎದ್ದು ಮಾರೆಣ್ಣನ ಅಂಗಿ ಹಿಡಿದು ಜಗ್ಗಿದಳು. ಗಂಡಸರು ಗೋಡೆಗೆ ಒರಗಿ ನೋಡುತ್ತಿದ್ದರು, ಎಂದಿನಂತೆ.

ಹೇಮಾ ಹೊಸ್ತಿಲಿನಿಂದ ಎದ್ದಳು. ಅಪ್ಪನನ್ನು ದಾಟಿಕೊಂಡು ಬಂದು, ಸಿರುಗುಪ್ಪದ ಸೀರೆಯನ್ನು ಕವರಿನಿಂದ ತೆಗೆದು ಅವ್ವನ ಮೈಮೇಲೆ ಹೊದಿಸಿದಳು. ಖಾಲಿ ಕವರನ್ನು ಅವ್ವನ ಬಲಗೈಗೆ ತೊಡಿಸಿ, ತನ್ನ ಜಡೆಯ ರಿಬ್ಬನ್ ಬಿಚ್ಚಿ, ಮುಂಗೈಗೆ ಮೂರು ಸುತ್ತು ಸುತ್ತಿ ಗಂಟು ಹಾಕಿದಳು.

“ಅವ್ವ ಹನ್ನೊಂದಕ್ಕ ಬಂದ್ಲು, ದೊಡ್ಡವ್ವಾ,” ಎಂದಳು. “ಕೈ ತೊಳಕಂತೀನಿ, ತಡಿ ಅಂದ್ಲು. ಇಂವ ತಡೀಲಿಲ್ಲ.”

ಬೀದಿಯಲ್ಲಿ ಗಾಡಿಯವನು ಇಂಜಿನ್ ಆರಿಸಿದ. ಹೇಮಾ ಅವ್ವನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಕವರಿನ ಮೇಲೆ ಅಂಗಡಿಯವರ ಕೆಂಪು ಅಕ್ಷರಗಳಿದ್ದವು, ವಂದನೆಗಳು, ಮತ್ತೆ ಬನ್ನಿ. ಅದರೊಳಗೆ ಐದು ಬೆರಳು, ಐದರ ತುದಿಯಲ್ಲೂ ಹಸಿರು.