ಗಾಳಿ ಬೀಸದ ಹನ್ನೊಂದು ದಿನ

"ಮೂರನೇ ಸಲ ಬಿಚ್ಚಿ ನೋಡ್ದೆ ಕಣಮ್ಮ. ಬೇರಿಂಗ್ ಸರಿಯಾಗಿದೆ, ಕೇಬಲ್ಲೂ ಸರಿಯಾಗಿದೆ. ಆದ್ರೂ ಎಲ್ಲೋ ನನ್ನ ಕೈಯಿಂದಾನೇ ಎಡವಟ್ಟಾಗಿರ್ಬೇಕು," ಎನ್ನುತ್ತ ಡೆನ್ಜಿಲ್ ಪಾಸ್ಕೊ ಬಾಗಿಲಲ್ಲೇ ನಿಂತ. ಅರವತ್ತೆಂಟರ ಮುದುಕ, ಮಾರ್ಚಿ ತಿಂಗಳ ರಣಬಿಸಿಲಿನಲ್ಲಿ ಹತ್ತು ಮಾಳಿಗೆಯೆತ್ತರದ ರೇಡಿಯೋ ದೂರದರ್ಶಕದ ಡಿಶ್ಶಿನ ಏಣಿ ಹತ್ತಿ ಇಳಿದು ಬಂದಿದ್ದ. ಇಪ್ಪತ್ತಾರು ವರ್ಷದಿಂದ ಆ ಡಿಶ್ಶನ್ನು ನೋಡಿಕೊಂಡವನು ಅವನೊಬ್ಬನೇ.

ಅಲ್ಲಿಯ ಖಗೋಳ ವಿಜ್ಞಾನಿ ಇರೀನಿ ಕಂಪ್ಯೂಟರಿನ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅಲ್ಲಿನ ಗೆರೆ ಇವತ್ತೂ ಕೆಳಗೇ ಮಲಗಿತ್ತು.

ಅದು ಬಲು ದೂರದ ಒಂದು ಗೆಲಾಕ್ಸಿಯ ಪ್ರಕಾಶದ ಗೆರೆ. ಅದರ ನಡುವಿನ ಕಪ್ಪುರಂಧ್ರ ನೇರವಾಗಿ ನಮ್ಮ ಕಡೆಗೇ ಕಾದ ಕಣಗಳ ಒಂದು ಧಾರೆಯನ್ನು ಚಿಮ್ಮಿಸುತ್ತದೆ. ಧಾರೆ ಒಮ್ಮೆ ಉರಿಯುತ್ತದೆ, ಒಮ್ಮೆ ಮಂಕಾಗುತ್ತದೆ. ಇಂಥವು ಸಾಮಾನ್ಯವಾಗಿ ಮನಸ್ಸಿಗೆ ಬಂದಂತೆ ಏರಿಳಿಯುತ್ತವೆ. ಇದು ಮಾತ್ರ ಹಾಗಲ್ಲ, ಹದಿಮೂರು ತಿಂಗಳಿಗೊಮ್ಮೆ ತಪ್ಪದೆ ಬೆಳಗುತ್ತದೆ ಎಂದು ಇರೀನಿ ಹೋದ ವರ್ಷ ಪ್ರಬಂಧ ಬರೆದು ಹೆಸರು ಮಾಡಿದ್ದಳು. ನಾಲ್ಕು ಸಲ ಬೆಳಗಿದ್ದನ್ನು ನೋಡಿ ಐದನೆಯದರ ತಾರೀಖನ್ನೂ ಕೊಟ್ಟಿದ್ದಳು. ಅವಳಪ್ಪ, ಬಂದರಿನ ಗ್ರೀಕ್ ಮೀನುಗಾರ, ಆ ತಾರೀಖನ್ನು ದೋಣಿದೋಣಿಗೂ ಹೇಳಿಕೊಂಡು ಬಂದಿದ್ದ. ತಾರೀಖು ಕಳೆದು ಮೂರು ವಾರವಾಗಿತ್ತು.

"ಅಡಿಲೇಡಿನ ಹೆಡ್ಡಾಫೀಸಿಗೆ ಕಾಗದ ಬರ್ದಿದೀನಿ," ಎಂದು ಡೆನ್ಜಿಲ್ ಒಂದು ಲಕೋಟೆಯನ್ನು ಮೇಜಿನ ಮೇಲಿಟ್ಟ. "ಹುಡುಗಿ ಲೆಕ್ಕದಲ್ಲಿ ತಪ್ಪಿಲ್ಲ, ಡಿಶ್ ನೋಡ್ಕೊಳ್ಳೋನಿಗೆ ವಯಸ್ಸಾಯ್ತು, ಬೇರೆ ಯಾರನ್ನಾದ್ರೂ ಕಳ್ಸಿ ಅಂತ. ಶುಕ್ರವಾರ ಬೀಗದ ಕೈ ಕೊಟ್ಬಿಡ್ತೀನಿ."

"ಅಯ್ಯೋ, ಯಾಕೆ ಡೆನ್ಜಿಲ್? ನಿಮ್ಮದೇನೂ ತಪ್ಪಿಲ್ಲ!"

"ಸುಮ್ನಿರು. ಜಂಬ ಬಿಡೋ ವಯಸ್ಸು ನಂದು. ನಿನ್ನ ಹೆಸರು ಹಾಳಾಗ್ಬಾರ್ದು."

ಇರೀನಿಗೆ ನಿಂತ ನೆಲ ಬಾಯಿಬಿಡಬಾರದೇ ಎನ್ನಿಸಿತು. ಎರಡನೆಯ ಮತ್ತು ಮೂರನೆಯ ಬೆಳಗಿನ ನಡುವೆ, ಗೆರೆ ತೆಪ್ಪಗೆ ಬಿದ್ದಿರಬೇಕಾಗಿದ್ದ ಒಂದು ಜುಲೈನಲ್ಲಿ, ಹನ್ನೊಂದು ದಿನ ಅದು ಅಡ್ಡಾದಿಡ್ಡಿ ಮೇಲೆದ್ದಿತ್ತು. ಆ ಹನ್ನೊಂದನ್ನು ಇಟ್ಟುಕೊಂಡರೆ ಹದಿಮೂರು ತಿಂಗಳ ತಾಳವೂ ಇಲ್ಲ, ಪ್ರಬಂಧವೂ ಇಲ್ಲ. ಅವಳು ಕಂಪ್ಯೂಟರಿನಲ್ಲಿ ಹನ್ನೊಂದು ದಿನದ ಎದುರಿಗೂ 'ಗಾಳಿ' ಎಂದು ಬರೆದಿದ್ದಳು. ಗಾಳಿ ಜೋರಾದರೆ ಡಿಶ್ಶನ್ನು ನೆಟ್ಟಗೆ ಮೇಲಕ್ಕೆ ಮುಖಮಾಡಿ ನಿಲ್ಲಿಸಿ, ಆ ದಿನದ ಅಳತೆಯನ್ನು ಬಿಟ್ಟುಬಿಡುವುದು ಅಲ್ಲಿಯ ಪದ್ಧತಿ. ಆ ಕರಾವಳಿಯಲ್ಲಿ ಗಾಳಿಗೆ ಸಾಕ್ಷಿ ಕೇಳುವವರು ಯಾರು? ಡೆನ್ಜಿಲ್ ದಿನವೂ ಗಾಳಿ, ಕೆಲಸದ ವಿವರವನ್ನು ಕೈಯಾರೆ ಬರೆಯುವ ಪುಸ್ತಕ ಒಂದಿತ್ತು. ಅದನ್ನು ಅವಳು ತೆರೆದಿರಲಿಲ್ಲ. ತೆರೆಯಬಾರದೆಂದೇ ತೆರೆದಿರಲಿಲ್ಲ.

ಈಗ ಎದ್ದು ಹೋಗಿ ಕಪಾಟಿನಿಂದ ಅದನ್ನು ತೆಗೆದಳು. ಆ ಜುಲೈನ ಪುಟ ಹುಡುಕಿದಳು.

"ಜುಲೈ ಒಂಬತ್ತು," ಎಂದು ಓದಿದಳು. "ಗಾಳಿ ಇಲ್ಲ. ಇಡೀ ದಿನ ಕೆಲಸ ನಡೆದಿದೆ."

"ಒಂಬತ್ತಾ? ಅವತ್ತು ಎಲೆ ಅಲ್ಲಾಡ್ಲಿಲ್ಲ," ಡೆನ್ಜಿಲ್‌ನ ಮುಖ ತೀರಿಕೊಂಡ ಹೆಂಡತಿಯ ನೆನಪಿಗೆ ಮೆತ್ತಗಾಯಿತು. "ನಮ್ಮ ಮಾವಿಸ್‌ಳ ಬೂದಿ ಕಡಲಿಗೆ ಬಿಟ್ಟಿದ್ದು ಅವತ್ತೇ ಅಲ್ವಾ, ನಿಮ್ಮಪ್ಪನ ದೋಣೀಲಿ. ಗಾಳಿಗೆ ಹಾರಿ ಎಲ್ರ ಮುಖಕ್ಕೂ ಬೀಳುತ್ತೇನೋ ಅಂತ ಹೆದರಿದ್ದೆ. ಒಂದು ಚೂರೂ ಹಾರ್ಲಿಲ್ಲ. ಹಾಗೇ ನೀರಿಗೆ ಇಳೀತು. ನೀನೇ ತಾನೇ ಡಬ್ಬಿ ಮುಚ್ಚಳ ಹಿಡ್ಕೊಂಡು ಕೂತಿದ್ದು?"

"ನಾನೇ," ಎಂದಳು ಇರೀನಿ. ಪುಸ್ತಕವನ್ನು ಅವನ ಕಡೆಗೆ ತಿರುಗಿಸಿದಳು. "ಡೆನ್ಜಿಲ್, ಡಿಶ್ ಸರಿಯಾಗೇ ಇದೆ. ಯಾವಾಗ್ಲೂ ಸರಿಯಾಗೇ ಇತ್ತು. ನನ್ನ ಲೆಕ್ಕಕ್ಕೆ ಅಡ್ಡ ಬಂದ ದಿನಗಳಿಗೆ ನಾನೇ ಗಾಳಿ ಅಂತ ಬರ್ದು ತೆಗ್ದುಹಾಕ್ದೆ."

ಡೆನ್ಜಿಲ್ ಪುಟದ ಮೇಲೆ ಬಗ್ಗಿ ತನ್ನದೇ ಅಕ್ಷರವನ್ನು ನೋಡಿದ.

"ಎಷ್ಟು ದಿನ?"

"ಹನ್ನೊಂದು."

"ಮಾವಿಸ್‌ಳ ದಿನಾನೂ?"

"ಅದೂ."

ಬಯ್ಯುತ್ತಾನೆಂದು ಅವಳು ಕಾದಳು. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನು ಲಕೋಟೆಯನ್ನೆತ್ತಿ ಅಂಗಿಯ ಜೇಬಿಗೆ ಹಾಕಿಕೊಂಡು, ಫೋನನ್ನು ಅವಳ ಕಡೆಗೆ ಸರಿಸಿ, "ನಾನು ಹೊರಗಿರ್ತೀನಿ," ಎಂದಷ್ಟೇ ಹೇಳಿದ. ಹೋಗುವಾಗ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡ.

ಹನ್ನೊಂದು ದಿನದ ವಿಷಯ ಹೇಳಿಬಿಡಲು ಇರೀನಿ ಅಡಿಲೇಡಿನ ನಂಬರು ಒತ್ತಿದಳು. ಕಿಟಕಿಯಾಚೆ ಡೆನ್ಜಿಲ್ ತನ್ನ ಟ್ರಕ್ಕಿನಲ್ಲಿ ಕೂತಿದ್ದ. ಎಂಜಿನ್ ಶುರುಮಾಡಿರಲಿಲ್ಲ. ಎರಡೂ ಕೈ ಸ್ಟೀರಿಂಗಿನ ಮೇಲಿದ್ದವು. ಆ ಕಡೆಯಿಂದ ಯಾರೋ ಹಲೋ ಎಂದರು, ಮತ್ತೊಮ್ಮೆ ಹಲೋ ಎಂದರು.