ಹೊಲಿದಿಟ್ಟ ದುಡ್ಡು, ತಪ್ಪಿದ ಬಸ್ಸು

ಟೈಲರಮ್ಮನ ಮನೆಯಲ್ಲಿ ಮೂರು ದಿನದಿಂದ ಒಂದೇ ಮಾತು: ಹೋಗುವುದೋ, ಬೇಡವೋ. ಅವಳ ತಂಗಿ ಹೊರದೇಶದ ಆಸ್ಪತ್ರೆಯೊಂದರಲ್ಲಿ ನರ್ಸು. ಈಗ ತುಂಬು ಗರ್ಭಿಣಿ. ತಂಗಿಯ ಗಂಡ ಹಡಗಿನ ಕೆಲಸದವನು, ಇನ್ನೆರಡು ತಿಂಗಳು ದಡ ಹತ್ತುವ ಹಾಗಿಲ್ಲ. "ಅಕ್ಕಾ, ಹೆರಿಗೆ ಹೊತ್ತಿಗೆ ನೀನೊಬ್ಳು ಪಕ್ಕದಲ್ಲಿದ್ರೆ ಸಾಕು" ಎಂದು ಫೋನಿನಲ್ಲಿ ಅತ್ತಿದ್ದಳು.

ಟ್ರಾವೆಲ್ ಏಜೆಂಟ್ ಕಾರು, ಹೋಟೆಲು, ಜೊತೆಗೊಬ್ಬ ಗೈಡು ಎಂದೆಲ್ಲ ಸೇರಿಸಿ ಹೇಳಿದ ಮೊತ್ತ ಕೇಳಿ ಟೈಲರಮ್ಮ ಬೆರಳಲ್ಲೇ ಲೆಕ್ಕ ಹಾಕಿದಳು. ಅಷ್ಟು ಕೊಟ್ಟರೆ ಬಾಣಂತನಕ್ಕೆ ಕೈಯಲ್ಲಿ ಬಿಡಿಗಾಸೂ ಉಳಿಯುವುದಿಲ್ಲ.

"ಹಾಗಿದ್ರೆ ಹೋಗೋದೇ ಬೇಡ" ಎಂದ ಗಂಡ. ಅವನು ಗಡಿಯಾರ ರಿಪೇರಿಯವನು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮಾತಾಡುತ್ತಾನೆ, ಹಾಗಾಗಿ ಅಪಾಯಗಳೆಲ್ಲ ಅವನಿಗೆ ದೊಡ್ಡದಾಗಿಯೇ ಕಾಣುತ್ತವೆ. "ಭಾಷೆ ಬರಲ್ಲ, ದಾರಿ ಗೊತ್ತಿಲ್ಲ. ಒಬ್ಳೇ ಎಲ್ಲಿ ಅಂತ ಹೋಗ್ತೀಯೇ?"

ಎದುರುಮನೆಯ ಕಂಡಕ್ಟರಕ್ಕ ಹೊಲಿಯಲು ಕೊಟ್ಟಿದ್ದ ಯೂನಿಫಾರ್ಮ್ ಒಯ್ಯಲು ಬಂದಿದ್ದಳು. ಬಸ್ಸಿನಲ್ಲಿ ಕೂಗಿ ಕೂಗಿ ಗಂಟಲು ದೊಡ್ಡದಾದ ಹೆಂಗಸು. ರಜೆ ಸಿಕ್ಕಾಗ ಒಂದೇ ಚೀಲ ಹೆಗಲಿಗೇರಿಸಿ ಏಷ್ಯಾದಲ್ಲೇ ನಾಲ್ಕು ದೇಶ ಸುತ್ತಿ ಬಂದವಳು.

"ಗಡಿಯಾರದೋರೇ, ನೀವೊಂದು ಗಳಿಗೆ ಸುಮ್ನಿರಿ. ಭಾಷೆ ಬರದಿದ್ರೇನು, ಚೀಟಿ ಮಾತಾಡುತ್ತೆ" ಎಂದವಳೇ ಟೈಲರಮ್ಮನ ಕಡೆ ತಿರುಗಿದಳು. "ತಂಗಿ ಮನೆ ವಿಳಾಸ, ಆಸ್ಪತ್ರೆ ವಿಳಾಸ ಎರಡನ್ನೂ ಅಲ್ಲಿನ ಅಕ್ಷರದಲ್ಲೇ ಬರೆಸ್ಕೋ. ಕಾಗದದ ಮೇಲೂ ಇರ್ಲಿ, ಫೋನ್ ಯಾವಾಗ ಕೈ ಕೊಡುತ್ತೋ. ಇಳಿದ ಕೂಡ್ಲೇ ಟ್ಯಾಕ್ಸಿಯೋರು ಮುತ್ಕೋತಾರೆ, ಕಣ್ಣೆತ್ತಿ ನೋಡ್ಬೇಡ. ಅಲ್ಲಿ ಕೆಲಸ ಮಾಡೋರಿಗೆ ಚೀಟಿ ತೋರ್ಸಿ ಬಸ್ ಕೇಳು. ಟ್ಯಾಕ್ಸಿನೇ ಬೇಕಾದ್ರೆ ಮೊದ್ಲು ರೇಟು, ಆಮೇಲೆ ಬಾಗಿಲು."

"ದುಡ್ಡು ಹೊಡ್ಕೊಂಡು ಹೋದ್ರೆ ಕಂಡಕ್ಟರಕ್ಕ?"

"ಆ ದಿನದ ಖರ್ಚಿನಷ್ಟು ಕೈಗೆ ಸಿಗೋ ಹಾಗಿರ್ಲಿ. ಉಳಿದದ್ದು ಎರಡು ಕಡೆ ಬೇರೆ ಬೇರೆ ಇಡು. ಪಾಸ್‌ಪೋರ್ಟಿನ ಜೆರಾಕ್ಸ್ ಒಂದು ಜೊತೇಲಿರ್ಲಿ."

ಟೈಲರಮ್ಮ ಹೂಂ ಎಂದಳು. ತಂಗಿ ಅಲ್ಲಿನ ಅಕ್ಷರದಲ್ಲಿ ಬರೆದು ಕಳಿಸಿದ ವಿಳಾಸಗಳನ್ನು ಚೀಟಿಯಾಗಿ ಪ್ರಿಂಟ್ ತೆಗೆಸಿದಳು, ಏಜೆಂಟನ ಹತ್ತಿರ ಬರೀ ವಿಮಾನದ ಟಿಕೆಟ್ಟು ಕೊಂಡಳು. ಆದರೆ ಹೊರಡುವ ಹೊತ್ತಿಗೆ ಗಂಡ "ಜೇಬುಗಳ್ಳರು, ಜೇಬುಗಳ್ಳರು" ಎಂದು ಜಪ ಮಾಡಿ ಮಾಡಿ ಅವಳ ಧೈರ್ಯವನ್ನೆಲ್ಲ ಕರಗಿಸಿಬಿಟ್ಟ. ಟೈಲರ್ ಬುದ್ಧಿ ನೋಡಿ! ಲಂಗದ ಒಳಮಗ್ಗುಲಿಗೆ ಒಂದು ಕಳ್ಳಜೇಬು ಇಟ್ಟಳು. ಅಲ್ಲಿನ ನೋಟಾಗಿ ಬದಲಾಯಿಸಿ ತಂದಿದ್ದ ದುಡ್ಡನ್ನೆಲ್ಲ ಅದಕ್ಕೆ ತುಂಬಿ, ಬಾಯಿಗೆ ಎರಡು ಸುತ್ತು ಮೆಷಿನ್ ಹೊಲಿಗೆ ಹಾಕಿದಳು. ಬಿಚ್ಚಲೆಂದು ಕೈಚೀಲದಲ್ಲಿ ಇಟ್ಟುಕೊಂಡಿದ್ದ ಕತ್ತರಿಯನ್ನು ವಿಮಾನ ಹತ್ತುವ ಮೊದಲೇ ತಪಾಸಣೆಯವರು ತೆಗೆದಿಟ್ಟುಕೊಂಡರು.

ಇಳಿದಾಗ ಟ್ಯಾಕ್ಸಿಯವರು ಮುತ್ತಿದ್ದು ನಿಜ. ಅವಳು ನೋಡಲಿಲ್ಲ. ಬಸ್ ಕೌಂಟರನ್ನೂ ಹುಡುಕಿದಳು. ಕೌಂಟರಿನವಳು ದುಡ್ಡಿಗೆ ಕೈ ಚಾಚಿದಾಗ ಟೈಲರಮ್ಮ ಲಂಗ ಮುಟ್ಟಿ ನೋಡಿಕೊಂಡಳು: ದುಡ್ಡೆಲ್ಲ ಹೊಲಿಗೆಯೊಳಗೆ!

ಶೌಚಾಲಯಕ್ಕೆ ಓಡಿದಳು. ಹೊಲಿಗೆ ಉಗುರಿಗೆ ಜಗ್ಗಲಿಲ್ಲ. ಇಪ್ಪತ್ತು ವರ್ಷದಲ್ಲಿ ಅವಳ ಹೊಲಿಗೆ ಬಿಚ್ಚಿತೆಂದು ಒಬ್ಬ ಗಿರಾಕಿಯೂ ದೂರಿದ್ದಿಲ್ಲ, ಇನ್ನು ಇವತ್ತು ಬಿಚ್ಚೀತೇ? ಕೊನೆಗೆ ಹಲ್ಲಿನಿಂದ ಒಂದೊಂದೇ ಎಳೆ ಕಡಿದಳು. ಹೊರಗೆ ಬಂದಾಗ ಬಸ್ಸು ಹೋಗಿತ್ತು. ಅಷ್ಟರಲ್ಲಿ ತಂಗಿಯ ಫೋನು. "ಅಕ್ಕಾ, ನೋವು ಶುರುವಾಗಿದೆ. ಆಸ್ಪತ್ರೆಗೇ ಬಂದ್ಬಿಡು."

ಮುಂದಿನ ಬಸ್ಸಿಗೆ ಒಂದು ಗಂಟೆ. ಟೈಲರಮ್ಮನಿಗೆ ಅಳು ಬಂತು. ಅತ್ತುಕೊಂಡೇ, ನೆಲ ಒರೆಸುತ್ತಿದ್ದ ಹೆಂಗಸಿಗೆ ಚೀಟಿ ತೋರಿಸಿದಳು. ಆಕೆ ಓದಿ, ಕೈ ಹಿಡಿದು ಕೆಳಮಹಡಿಗೆ ಕರೆದೊಯ್ದು ರೈಲು ತೋರಿಸಿದಳು. ಎಷ್ಟನೆಯ ಸ್ಟೇಷನ್ನಿನಲ್ಲಿ ಇಳಿಯಬೇಕೆಂದು ಬೆರಳು ಮಡಚಿ ಹೇಳಿದಳು. ಟಿಕೆಟ್ಟು ಬಸ್ಸಿಗಿಂತ ಅಗ್ಗ!

ತಂಗಿಯನ್ನು ಹೆರಿಗೆ ಕೋಣೆಗೆ ಕರೆದೊಯ್ಯುವ ಮುಂಚೆ ಅಕ್ಕ ಅವಳ ಕೈ ಹಿಡಿದಿದ್ದಳು.

ಹೆರಿಗೆಯಾದ ಮೇಲೆ ಆಸ್ಪತ್ರೆಯವರು ಮಗುವಿಗೆ ಬಟ್ಟೆ ಬೇಕೆಂದರು. ಆಸ್ಪತ್ರೆ ಎದುರಿನ ಅಂಗಡಿಯಲ್ಲಿ ಬಾಯಿಗೆ ಬಂದ ರೇಟು. ಟೈಲರಮ್ಮ ಅಲ್ಲಿನ ಹೆಂಗಸರು ಚೀಲ ಹಿಡಿದು ಹೋಗುತ್ತಿದ್ದ ಹಿಂದಿನ ಓಣಿಗೆ ನಡೆದಳು. ಮೂರು ಅಂಗಡಿ ವಿಚಾರಿಸಿದಳು. ಕ್ಯಾಲ್ಕುಲೇಟರಿನಲ್ಲಿ ಅಂಗಡಿಯವಳು ಒಂದು ಅಂಕಿ ಒತ್ತಿದರೆ, ಇವಳು ನಗುತ್ತಾ ಇನ್ನೊಂದು ಒತ್ತಿದಳು. ಅರ್ಧ ಬೆಲೆಗೆ ಮೆತ್ತನೆಯ ಹತ್ತಿ ಬಟ್ಟೆ ಸಿಕ್ಕಿತು.

ಸಂಜೆ ಗಂಡನಿಗೆ ಫೋನ್ ಮಾಡಿದಳು. "ಹೆಣ್ಣು ಮಗು ರೀ. ಇಬ್ರೂ ಚೆನ್ನಾಗಿದ್ದಾರೆ."

"ನಿನ್ನನ್ನ ಯಾರು ಕರ್ಕೊಂಡು ಹೋದ್ರು?"

"ಕೇಳ್ಕೊಂಡು ಕೇಳ್ಕೊಂಡು ರೈಲಲ್ಲಿ ನಾನೇ ಬಂದೆ. ಬಾಣಂತನಕ್ಕೆ ದುಡ್ಡೂ ಉಳಿದಿದೆ."

ಆ ಕಡೆಯಿಂದ ಮೆಲ್ಲಗೆ ಬಂತು: "ಮಗೂನ ನೋಡೋಕೆ ನಾನೂ ಬರ್ಲಾ? ಯಾವ ರೈಲು ಅಂತ ಬರೆಸಿ ಕಳ್ಸು."

ಅಕ್ಕಂದಿರೇ, ಅಣ್ಣಂದಿರೇ, ಪ್ರಯಾಣ ದುಡ್ಡಿದ್ದವರ ಸೊತ್ತಲ್ಲ. ವಿಳಾಸ ಬರೆಸಿಕೊಳ್ಳಿ, ಬಸ್ಸು ರೈಲು ವಿಚಾರಿಸಿ, ನಾಲ್ಕು ಅಂಗಡಿ ನೋಡಿ ಕೊಳ್ಳಿ. ಕೇಳಲು ನಾಚಬೇಡಿ. ಅಲ್ಲಿ ನಿಮ್ಮವರು ಯಾರೋ ದಾರಿ ಕಾಯುತ್ತಿದ್ದಾರೆ. ಹೊರಡಿ.