ನಾನು ಹೇಳದ ಹೆಸರು

ವಯಸ್ಸಾದಂತೆ ಮನಸ್ಸು ಹೇಗೆ ಬದಲಾಗುತ್ತದೆ ಎಂದು ಸಂಶೋಧನೆ ಮಾಡುವ ಹುಡುಗಿ ಕೀರ್ತನಾ. ವರ್ಷಕ್ಕೊಮ್ಮೆ ನಮ್ಮೂರು ಚಿಗಟೇರಿಗೆ ಬಂದು ನಮ್ಮಂಥ ಮುದುಕರನ್ನು ಮಾತಾಡಿಸುತ್ತಾಳೆ. ಈ ಸಲವೂ ಸೂಜಿ, ಕಂಬಳಿ, ಬಾವಿ, ಹುಣಸೆ ಎಂದು ಪದ ಹೇಳಿ, ಬೇರೇನೇನೋ ಮಾತಾಡಿ, ಆಮೇಲೆ ನೆನಪಿದ್ದಷ್ಟು ಹೇಳಿ ಎಂದಳು. ಎಲ್ಲವನ್ನೂ ಹೇಳಿದೆ. ಮನೆಯವರ ಹೆಸರು ಕೇಳಿದಾಗ ಮಗ ಹೊನ್ನೂರಸ್ವಾಮಿ, ಸೊಸೆ ಮಾಲಾ ಎಂದೆ. ಗಂಡನ ಹೆಸರು ಕೇಳಿದಳು. ಸೆರಗು ಬಾಯಿಗಿಟ್ಟುಕೊಂಡು ನಕ್ಕೆ.

ಗಂಡನ ಹೆಸರು ಬಾಯಿಬಿಟ್ಟು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆಂದು ನನ್ನ ಅವ್ವ ಹೇಳಿಕೊಟ್ಟಿದ್ದಳು. ಮದುವೆಯಾದಾಗಿನಿಂದ ಒಮ್ಮೆಯೂ ಹೇಳಿಲ್ಲ. ಆಸ್ಪತ್ರೆ, ರೇಷನ್ ಅಂಗಡಿ, ಎಲ್ಲಿ ಕೇಳಿದರೂ ಅವನೇ ಮುಂದೆ ಬಂದು ಹೇಳುತ್ತಿದ್ದ. ಇವತ್ತೂ ಹೇಳಲಿ ಎಂದು ಪಕ್ಕದಲ್ಲಿದ್ದವನ ಕಡೆ ನೋಡಿದೆ. ಪುಣ್ಯಾತ್ಮ ನೆಲ ನೋಡುತ್ತ ಕೂತ.

ಮುದುಕರ ಬಗ್ಗೆ ಮನೆಯವರನ್ನೂ ಬೇರೆಯಾಗಿ ಕೇಳುವುದು ಅವಳ ಪದ್ಧತಿ. ಅವನನ್ನು ಬೇವಿನ ಕಟ್ಟೆಗೆ ಕರೆದೊಯ್ದಳು. ನಾನು ಚಹಾ ಹಿಡಿದು ಹೊರಟಾಗ ಅವನ ದನಿ ಕೇಳಿತು.

"ಆಕಿಗೆ ಮರವು ಭಾಳ ಆಗೈತ್ರಿ. ನನ್ನ ಹೆಸರು ಸೈತ ಮರ್ತಾಳ, ನೋಡಿದ್ರಲ್ಲ."

ಬಾಗಿಲಲ್ಲೇ ನಿಂತುಬಿಟ್ಟೆ. ಅವನ ಆಟ ಗೊತ್ತಾಯಿತು. ಕುರಿಹಿಂಡು ಮಾರಬೇಕೆಂದು ಯುಗಾದಿಯಿಂದ ಹಟ ಹಿಡಿದಿದ್ದ. ನನ್ನ ತವರಿನ ಬಳುವಳಿಯಿಂದ ಬೆಳೆದ ಹಿಂಡು ಅದು. ನಾನು ಒಪ್ಪಿದರೆ ಮಾತ್ರ ಮಾರೋಣ ಎಂದಿದ್ದ ಮಗ. ನನ್ನ ತಲೆ ಕೆಟ್ಟಿದೆ ಎಂದಾದರೆ ನನ್ನನ್ನು ಯಾರು ಕೇಳುತ್ತಾರೆ? ಕೈ ಹಿಡಿದವನೇ ಕತ್ತು ಕೊಯ್ದ.

ಅಷ್ಟರಲ್ಲಿ ಮಗ ಕುರಿಹಟ್ಟಿಯಿಂದ ಬಂದ. ಪದಗಳನ್ನೆಲ್ಲ ಹೇಳಿದರೂ ಗಂಡನ ಹೆಸರೇ ಬರಲಿಲ್ಲ, ಅಮ್ಮನಿಗೆ ಮರೆವು ಶುರುವಾದಂತಿದೆ, ಡಾಕ್ಟರಿಗೆ ತೋರಿಸಿ ಎಂದಳು ಕೀರ್ತನಾ. ಓದಿದವಳ ಮಾತು, ನಂಬಿದ. ಕೂಸಿಗೆ ಹೇಳುವಂತೆ ನನಗೆ ಹೇಳಿದ:

"ಇನ್ನ ಕುರಿ ಚಿಂತಿ ನಿನಗ್ಯಾಕವ್ವ, ಅಪ್ಪ ನೋಡ್ಕಂತಾನ ಬಿಡು."

ಚಹಾ ಕಟ್ಟೆಯ ಮೇಲಿಟ್ಟು ಗಂಡನ ಎದುರು ನಿಂತೆ.

"ಯರ್ರೆಪ್ಪ, ಮಕ ಎತ್ತು. ನಿನ್ನ ಆಯುಷ್ಯಕ್ಕಂತ ನಾ ಬಾಯಿ ಮುಚ್ಚಿದ್ರ, ಅದನ್ನ ಮರವು ಅಂತಿಯೇನು?"

ಅವನು ಮುಖ ಎತ್ತಲಿಲ್ಲ. ಮಗನಿಗೆ ಎಲ್ಲ ತಿಳಿಯಿತು. ಹಿಂಡಿನ ಮಾತು ಇನ್ನು ಎತ್ತಬೇಡ ಎಂದು ಅಪ್ಪನಿಗೆ ಹೇಳಿ ಹಟ್ಟಿಗೆ ಹೋದ. ಗೆದ್ದೆ ಎಂದು ನನಗೆ ಅನ್ನಿಸಲಿಲ್ಲ. ಅಳು ಬರುತ್ತಿತ್ತು, ತಡೆದುಕೊಂಡೆ.

ಹಾಗಾದರೆ ನಾನು ಕೇಳಿದಾಗಲೂ ಹೆಸರು ನೆನಪಿತ್ತಾ ಅಮ್ಮ ಎಂದು ಕೀರ್ತನಾ ಮೆಲ್ಲಗೆ ಕೇಳಿದಳು.

"ಇತ್ತು ತಂಗಿ. ನಿನ್ನ ಸೂಜಿ, ಕಂಬಳಿ ನಾಳಿಗೆ ಮರ್ತೇನು. ಇವತ್ತು ಇವ ಅಂದಿದ್ದನ್ನ ಸಾಯೋಮಟ ಮರಿಯಂಗಿಲ್ಲ."